ಬಾಯ್ಲರಿನ ಮುಖಾಂತರ

ನನ್ನ ಗಂಡ ತೀರಿಕೊಂಡದ್ದು ಬಾಗಲಕೋಟೆಗೆ ಸರಿಯಾಗಿ ತಿಳಿದದ್ದು ಅವರನ್ನು ಮಣ್ಣು ಮಾಡಿದ ದಿನವಲ್ಲ. ನೆಂಟರೆಲ್ಲ ತಮ್ಮ ಊರಿಗೆ ಹೋದ ಮರುದಿನ ಬೆಳಿಗ್ಗೆ. ಆ ಬೆಳಿಗ್ಗೆ ಹತ್ತಿ ಕಾರಖಾನೆಯ ಭೋಂಗಾ, ಊರಿಗೆ ಹೊತ್ತು ಹೇಳುವ ಉಗಿಯ ಸೀಟಿ, ಕೂಗಲಿಲ್ಲ.

ಅಲ್ಲಿಯವರೆಗೆ ಮನೆ ತುಂಬ ಜನ. ಇಳಕಲ್ಲಿನಿಂದ ಬಂದವರು, ಹುನಗುಂದದಿಂದ ಬಂದವರು, ಸತ್ತವರು ಯಾರೆಂದು ಊಟದ ನಂತರ ವಿಚಾರಿಸಿದವರು. ಈಗ ಉಳಿದದ್ದು ನಾನು, ನನ್ನ ಅತ್ತೆ ಮಕ್ತುಮಬಿ, ಮತ್ತು ಹುನಗುಂದದವರು ಮರೆತುಹೋದ ಒಂದು ಛತ್ರಿ. ನಾನು ಒಲೆ ಹಚ್ಚಿ, ಹಿಟ್ಟು ನಾದಿ, ಭೋಂಗಾ ಕೂಗಲೆಂದು ಕುಳಿತೆ. ಭೋಂಗಾ ಕೂಗಿದ ಮೇಲೆ ರೊಟ್ಟಿ ಬಡಿಯುವುದು ನಮ್ಮ ಮನೆಯ ಪದ್ಧತಿ. ಹಿಟ್ಟು ಒಣಗತೊಡಗಿತು.

ಪಕ್ಕದ ಮನೆಯ ಶಿವಬಸವ್ವ ಗೋಡೆಯ ಮೇಲಿಂದ ತಲೆ ಹಾಕಿದಳು.

"ಜೈನಬಿ, ಹೊತ್ತು ಹೊಂಟೈತೇನ?"

ಬಿಸಿಲು ಅವಳ ಮೂಗಿನ ಮೇಲೇ ಬಿದ್ದಿತ್ತು. "ಸೂರ್ಯ ಕಾಣ್ತಾನಲ್ಲ" ಎಂದೆ.

"ಸೂರ್ಯ ಕಾಣ್ತಾನ, ಖರೆ. ಆದ್ರ ಭೋಂಗಾ ಕೂಗಿಲ್ಲಲ್ಲ" ಎಂದು ಅವಳು ಹಾಸಿಗೆಗೆ ಹಿಂದಿರುಗಿದಳು.

ಊರಿನಲ್ಲಿ ಉಳಿದವರದೂ ಅದೇ ನಿಲುವು. ಕಚೇರಿಯ ಕಾರಕೂನರು ಬಾಗಿಲು ತೆರೆದಿದ್ದರೂ ಒಳಗೆ ಹೋಗದೆ ಕಟ್ಟೆಯ ಮೇಲೆ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದರಂತೆ. ಭೋಂಗಾ ಇಲ್ಲದೆ ಸರಕಾರ ಶುರುವಾಗುವುದು ಹೇಗೆ?

ಅಷ್ಟರಲ್ಲಿ ಅಕ್ಬರಸಾಬ ಬಂದು ಹೊರಗಿನ ಕಟ್ಟೆಯ ಮೇಲೆ ಕೆಮ್ಮಿದ. ನಾನು ಇದ್ದತ್ತಿನಲ್ಲಿದ್ದೆ. ಗಂಡ ಸತ್ತವಳು ಕೆಲವು ತಿಂಗಳು ಹೊಸ್ತಿಲು ದಾಟುವ ಹಾಗಿಲ್ಲ. ಪರಗಂಡಸರು ಬಂದರೆ ಬಾಗಿಲಿನ ಪರದೆಯ ಹಿಂದಿನಿಂದ ಮಾತು. ಅಕ್ಬರಸಾಬ ನನ್ನ ಗಂಡನ ಚಿಕ್ಕಮ್ಮನ ಮಗ. ಕಾರಖಾನೆಯಲ್ಲಿ ಕಾರಕೂನನಾಗಿದ್ದವನನ್ನು ನನ್ನ ಗಂಡನ ಜಾಗದಲ್ಲಿ ತಾತ್ಕಾಲಿಕ ಮ್ಯಾನೇಜರನನ್ನಾಗಿ ಮಾಡಿದ್ದರು. ಹಿಂದೊಮ್ಮೆ ಅವನು ಮುಂಬಯಿಗೆ ಹೋಗಿದ್ದ. ಹೋದದ್ದು ಹಲ್ಲು ಕೀಳಿಸಲು. ಬರುವಾಗ ಆಡಳಿತ ಕಲಿತುಕೊಂಡು ಬಂದಿದ್ದ.

"ಭಾಬಿ, ಬೀರಲಿಂಗಪ್ಪ ಕೆಲಸಕ್ಕ ಬಂದಿಲ್ಲ."

"ಕರೀರಿ."

"ಕರ್ಯಾಕ ಹೋಗಿದ್ದೆ. ಅರ್ಧ ಗಡ್ಡಾ ಬೋಳಿಸ್ಕೊಂಡು, ಬಾಗಿಲಾ ಹಾಕ್ಕೊಂಡು ಒಳಗ ಕುಂತಾನ."

"ಇನ್ನರ್ಧ?"

"ಅದನ್ನ ಹೇಳಾಕನ ಬಂದೇನಿ" ಎಂದ ಅಕ್ಬರಸಾಬ.

ಆ ಅರ್ಧ ಗಡ್ಡ ತಿಳಿಯಬೇಕಾದರೆ ಮೊದಲು ಕಂಬಳಿ ತಿಳಿಯಬೇಕು.

ಬೀರಲಿಂಗಪ್ಪ ಕಾರಖಾನೆಯ ಬಾಯ್ಲರಿನ ಮನುಷ್ಯ. ಬೆಂಕಿ ಹಾಕುವುದು, ಉಗಿ ಏರಿಸುವುದು, ಭೋಂಗಾ ಕೂಗಿಸುವುದು ಅವನ ಕೆಲಸ. ನನ್ನ ಗಂಡ ಜಾಫರಸಾಬರು ಅಲ್ಲಿಯ ಮ್ಯಾನೇಜರು. ಮ್ಯಾನೇಜರ ಕುರ್ಚಿಯ ಬೆತ್ತ ಹರಿದಿತ್ತು. ಮುಂಬಯಿಯಿಂದ ಮಾಲಕರು ಬರುವವರಿದ್ದರು. ಅವರ ಕಣ್ಣಿಗೆ ಆ ತೂತು ಬೀಳಬಾರದೆಂದು ನನ್ನ ಗಂಡ ಬೀರಲಿಂಗಪ್ಪನ ಕರಿ ಕಂಬಳಿಯನ್ನು "ಸಂಜೀಕ ಕೊಡ್ತೇನಿ" ಎಂದು ಇಸಿದುಕೊಂಡು ಕುರ್ಚಿಯ ಮೇಲೆ ಹಾಸಿದರು. ಮಾಲಕರು ಬಂದರು, ಕುರ್ಚಿಯ ಕಡೆ ನೋಡದೆ ನಿಂತೇ ಹೋದರು. ಕುರ್ಚಿ ಮಾತ್ರ ಮೆತ್ತಗಾಗಿತ್ತು. ಮೆತ್ತನೆಯ ಕುರ್ಚಿ ನನ್ನ ಗಂಡನಿಗೆ ಹಿಡಿಸಿತು. ಆ ಸಂಜೆ ಕಳೆಯಿತು. ಅದರ ಹಿಂದೆ ಬಹಳ ಸಂಜೆಗಳು ಕಳೆದವು.

ಬೀರಲಿಂಗಪ್ಪ ಬೀರಪ್ಪ ದೇವರ ಒಕ್ಕಲು. ಅವರಲ್ಲಿ ಕಂಬಳಿ ಎಂದರೆ ಬರೀ ಹೊದಿಕೆಯಲ್ಲ. ದೇವರನ್ನು ಕೂರಿಸುವುದೂ ಅದರ ಮೇಲೆಯೇ. ಅವನು ಕೇಳಲು ನಾಚಿಕೊಂಡು ಸುಮ್ಮನಿದ್ದ. ಒಂದು ದಿನ ಕಚೇರಿಯ ಗೋಡೆ ಗಡಿಯಾರ ನಿಂತಿತು. ನನ್ನ ಗಂಡ ಬೂಟುಗಾಲಿನಲ್ಲೇ ಕುರ್ಚಿ ಹತ್ತಿ ಅದಕ್ಕೆ ಕೀಲಿ ಕೊಡುತ್ತಿದ್ದರು. ಬೀರಲಿಂಗಪ್ಪ ಒಳಗೆ ಬಂದದ್ದು ಆಗಲೇ.

"ಸಾಹೇಬ್ರ, ಬೂಟು!"

"ಏನು ಬೂಟು?"

"ಕಂಬಳಿ ಮ್ಯಾಲ ಬೂಟು!"

ಆಗಲೇ ಇಳಿದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಬಾಗಿಲಿನಲ್ಲಿ ನಾಲ್ಕು ಜನ ಹಮಾಲರು ನಿಂತಿದ್ದರು. ನನ್ನ ಗಂಡ ಗಡಿಯಾರದ ಕಡೆಯಿಂದ ಮುಖ ತಿರುಗಿಸದೆ, "ಮ್ಯಾನೇಜರ ಮ್ಯಾಲ ನಿಂತಾಗ ಕೆಳಗಿನವರು ಮಾತಾಡಬಾರದು" ಎಂದರು.

ಬೀರಲಿಂಗಪ್ಪ ಸೊಂಟದ ಸಂಚಿಯಿಂದ ಬೀರಪ್ಪನ ಭಂಡಾರ ತೆಗೆದ. ಭಂಡಾರ ಎಂದರೆ ಅರಿಶಿನದ ಪುಡಿ. ಅದನ್ನು ಮುಟ್ಟಿ ಆಣೆ ಮಾಡಿದ ಮೇಲೆ ಅವರಲ್ಲಿ ಹಿಂದೆ ಸರಿಯುವ ಮಾತಿಲ್ಲ. "ಸಾಹೇಬ್ರ ಮನ್ಯಾಗಿನ ಕೈ ನನ್ನ ಕಂಬಳಿ ನನಗ ಕೊಟ್ಟು, ಸಾಹೇಬ್ರು 'ತಪ್ಪಾತು' ಅನ್ನೋತನಾ ಅವರ ಕೂಡ ನನ್ನ ಮಾತಿಲ್ಲ. ಅವರ ಮನಿ ಹೊಸ್ತಿಲಾ ತುಳಿಯಂಗಿಲ್ಲ" ಎಂದು ಹಣೆಗೆ ಹಚ್ಚಿಕೊಂಡು ಹೊರಗೆ ನಡೆದ.

ಅವತ್ತು ಸಂಜೆ ನನ್ನ ಗಂಡ ಕಂಬಳಿಯನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದರು.

"ಅವಂದು ಅವಗ ಕೊಟ್ಟು ಬರಬೇಕಿಲ್ಲೇನ್ರಿ?" ಎಂದೆ.

"ಕಂಬಳಿ ಕೊಡೂದು ಸಲೀಸು. ಕೊಟ್ರ ಆ ಮಾತೂ ಅನ್ನಬೇಕಾಗ್ತೈತಿ. ಇವತ್ತ ಬಾಯ್ಲರಿನವಗ ತಪ್ಪಾತು ಅಂದ್ರ ನಾಳೆ ಗಾಡಿಯವರಿಗೂ ಅನ್ನಬೇಕು. ಆಮ್ಯಾಲೆ ಎತ್ತಿಗೂ ಅನ್ನಬೇಕು. ಆಡಳಿತ ಎಲ್ಲಿ ಉಳೀತು?"

ಕಂಬಳಿ ನಮ್ಮ ಪೆಟ್ಟಿಗೆಯ ಮೇಲೆ ಕುಳಿತಿತು.

ಆದರೆ ಮ್ಯಾನೇಜರೂ ಬಾಯ್ಲರಿನವನೂ ಮಾತಾಡದೆ ಕಾರಖಾನೆ ನಡೆಯುವುದು ಹೇಗೆ? ಅದಕ್ಕೂ ಒಂದು ಪದ್ಧತಿ ತಾನಾಗಿ ಹುಟ್ಟಿತು. ನನ್ನ ಗಂಡ ಬಾಯ್ಲರಿನ ಎದುರು ನಿಂತು, ಟೊಪ್ಪಿಗೆ ಸರಿಮಾಡಿಕೊಂಡು, "ಬಾಯ್ಲರೇ, ನಾಳೆ ಹತ್ತಿ ಗಾಡಿ ಭಾಳ ಬರ್ತಾವು. ಲಗೂನ ಕಾಯಬೇಕು" ಎನ್ನುವರು. ಪಕ್ಕದಲ್ಲೇ ನಿಂತ ಬೀರಲಿಂಗಪ್ಪ ತನ್ನ ಕೈಯೊಳಗಿನ ಸಲಿಕೆಗೆ, "ಸಲಿಕೇ, ಇದ್ದಲಾ ಹಸೀ ಐತಿ. ಲಗೂನ ಕಾಯಂಗಿಲ್ಲ ಅಂತ ಹೇಳು" ಎನ್ನುವನು. "ಬಾಯ್ಲರೇ, ಹಂಗಾದ್ರ ಒಣಾ ಇದ್ದಲಾ ತರಿಸ್ತೇನಿ." "ಸಲಿಕೇ, ಭಾಳ ಉಪಕಾರ ಆತು ಅನ್ನು." ಹೀಗೆ ಅವರ ಸಂಸಾರ ಸಾಗಿತು. ಬಾಯ್ಲರಿನ ತಪಾಸಣೆಗೆ ಬಂದ ಇನಸ್ಪೆಕ್ಟರರು ಇದನ್ನು ಸ್ವಲ್ಪ ಹೊತ್ತು ನೋಡಿ, ತಮ್ಮ ನಾಡಿ ತಾವೇ ಹಿಡಿದು ನೋಡಿಕೊಂಡು, ನೀರು ಕೇಳಿ ಕುಡಿದು ಹೋದರು. ಬಾಯ್ಲರು ಒಳ್ಳೆಯ ನಡತೆಯದು ಎಂದು ಮೇಲಿನವರಿಗೆ ತಿಳಿಸಿದರಂತೆ.

ಆಮೇಲೆ ನನ್ನ ಗಂಡನಿಗೆ ಜ್ವರ ಬಂತು. ಚಳಿ ಎಂದರು. ಆ ಕಂಬಳಿಯನ್ನೇ ಹೊದಿಸಿದೆ. ಜ್ವರ ಇಳಿಯಲಿಲ್ಲ.

ನಮ್ಮಲ್ಲಿ ಹೆಣ ಎತ್ತುವ ಮುಂಚೆ ಹಿರಿಯರೊಬ್ಬರು ನೆರೆದವರನ್ನು ಕೇಳುತ್ತಾರೆ. ಅಂದು ಖಾಜಿಯವರು ಕೇಳಿದರು: "ಜಾಫರಸಾಬರಿಂದ ಯಾರಿಗರೆ ತಕಲೀಫ್ ಆಗಿದ್ರ ಮಾಫ್ ಮಾಡ್ರಿ." ಹೊರಗೆ ನಿಂತ ಹಿಂದೂ ಮುಸಲ್ಮಾನರೆಲ್ಲ, "ಮಾಫ್, ಮಾಫ್" ಎಂದದ್ದು ಒಳಗಿದ್ದ ನಮಗೆ ಕೇಳಿಸಿತು. ತಕಲೀಫ್ ಆಗದವರೂ ಅಂದರು. ಬೀರಲಿಂಗಪ್ಪ ಒಬ್ಬನು ಅನ್ನಲಿಲ್ಲ. ಹಿಂದೆ ನಿಂತು ಬಾಯಿ ತೆರೆದನಂತೆ, ಮುಚ್ಚಿದನಂತೆ, ಮತ್ತೆ ತೆರೆದನಂತೆ. ಆಣೆ ಮಾಡಿದ್ದನಲ್ಲ. ಸತ್ತರೆ ಹೇಗೆ ಎಂಬುದನ್ನು ಆಣೆಯಲ್ಲಿ ಸೇರಿಸುವುದು ಅವನಿಗೆ ಹೊಳೆದಿರಲಿಲ್ಲ.

ಊರು ಇದನ್ನು ಗಮನಿಸಿತು. ಬೀರಲಿಂಗಪ್ಪ ಗಡ್ಡ ಬೋಳಿಸಿಕೊಳ್ಳಲು ಹೋದಾಗ ಗಡ್ಡ ಮಾಡುವವನು ಒಂದು ಗಲ್ಲ ಮುಗಿಸಿ, ಕತ್ತಿ ಕೆಳಗಿಟ್ಟು ಕೇಳಿದನಂತೆ: "ಯಾಕಪಾ, ಸತ್ತವರಿಗೆ ಮಾಫ್ ಅನ್ನಲಿಲ್ಲಂತ?"

"ಅನ್ನಾಕ ಬರಂಗಿಲ್ಲ."

"ಹಂಗಾದ್ರ ಈ ಗಲ್ಲಾ ಬೋಳ್ಸಾಕ ನನಗೂ ಬರಂಗಿಲ್ಲ."

ಬೀರಲಿಂಗಪ್ಪ ಬೋಳಿಸದ ಗಲ್ಲದ ಮೇಲೆ ಕೈ ಮುಚ್ಚಿಕೊಂಡು ಮನೆ ಸೇರಿದವನು ಹೊರಗೆ ಬಂದಿಲ್ಲ. ಇದಿಷ್ಟು ಅಕ್ಬರಸಾಬ ತಂದ ಸುದ್ದಿ.

ನನ್ನ ಅತ್ತೆ ಜಪಮಣಿ ಹಿಡಿದು ಮೂಲೆಯಲ್ಲಿ ಕುಳಿತಿದ್ದರು. "ಇಡೀ ಊರು ಮಾಫ್ ಅಂದೈತಿ, ಒಬ್ಬಂದು ಉಳದೈತಿ" ಎಂದರು. "ನನ್ನ ಮಗ ಅಲ್ಲಿ ಬಾಗಿಲದಾಗ ನಿಂತಾನ. ಆ ಒಬ್ಬನ ಸಲವಾಗಿ ಒಳಗ ಬಿಟ್ಟಿಲ್ಲ. ಅಕ್ಬರ್, ಆ ಮನಿಶ್ಯಾನ ಬಾಯಾಗಿಂದ ಒಂದು ಮಾಫ್ ತಂದುಕೊಡು. ನಾ ಬ್ಯಾರೆ ಏನೂ ಕೇಳಂಗಿಲ್ಲ."

"ಭಾಬಿ, ಆ ಕಂಬಳಿ ಕೊಡ್ರಿ. ನಾ ಒಯ್ದು ಕೊಡ್ತೇನಿ" ಎಂದ ಅಕ್ಬರಸಾಬ.

"ಕೊಡಂಗಿಲ್ಲ" ಎಂದೆ. "ಈ ಮನ್ಯಾಗಿನ ಕೈ ಕೊಡಬೇಕಂತ ಅಂದಾನ. ಕೊಟ್ರ ನಾನ ಕೊಡ್ತೇನಿ."

"ನೀವು ಹೊರಗ ಬರಂಗಿಲ್ಲ."

"ಹೌದು."

"ಅವ ಒಳಗ ಬರಂಗಿಲ್ಲ."

"ಹೌದು."

ಅಕ್ಬರಸಾಬ ಮತ್ತೊಮ್ಮೆ ಕೆಮ್ಮಿದ. "ಹಂಗಾದ್ರ ಹ್ಯಾಂಗ?"

"ನೀವು ಮುಂಬಯಿ ನೋಡಿ ಬಂದವರು" ಎಂದೆ.

ಅಕ್ಬರಸಾಬ ವಿಚಾರ ಮಾಡಿದ. ಅವನು ವಿಚಾರ ಮಾಡಿದ್ದು ಹೀಗೆ: ಮ್ಯಾನೇಜರ ಎಂಬುದು ಹುದ್ದೆ. ಮನುಷ್ಯ ಸತ್ತರೂ ಹುದ್ದೆ ಸಾಯುವುದಿಲ್ಲ. ಬೀರಲಿಂಗಪ್ಪನ ಜಗಳ ಮ್ಯಾನೇಜರನ ಜೊತೆ. ಈಗ ಮ್ಯಾನೇಜರ ತಾನು. ಆದ್ದರಿಂದ ತಾನೇ ತಪ್ಪಾತು ಎಂದರೆ ಸಾಕು. ಪರದೆಯ ಆಚೆಯಿಂದ ಇದನ್ನೆಲ್ಲ ವಿವರಿಸಿ, "ಹ್ಯಾಂಗೈತಿ ಭಾಬಿ? ನೀವು ಪುಣೆ ಕಾಲೇಜಿನ್ಯಾಗ ತರ್ಕಶಾಸ್ತ್ರ ಓದೀರಿ. ತಪ್ಪಿದ್ರ ಹೇಳ್ರಿ" ಎಂದ.

ತಪ್ಪು ಇತ್ತು. ಹೇಳಲು ಬೇಸರವಾಗಿ ಸುಮ್ಮನಾದೆ. ಅವನು ಅದನ್ನು ಒಪ್ಪಿಗೆ ಎಂದುಕೊಂಡ.

ಮುಂದೆ ನಡೆದದ್ದನ್ನು ನನಗೆ ಹೇಳಿದವಳು ಬೀರಲಿಂಗಪ್ಪನ ಹೆಂಡತಿ ಬೋರವ್ವ. ಆಣೆ ಮಾಡಿದವನು ಗಂಡ. ಅವಳಿಗೆ ನಮ್ಮ ಹೊಸ್ತಿಲಿನ ಅಡ್ಡಿಯಿರಲಿಲ್ಲ. ಹಿತ್ತಿಲ ಬಾಗಿಲಿನಿಂದ ಬಂದು ಒಲೆಯ ಮುಂದೆ ಕುಳಿತಳು.

"ಅವ್ವಾರ, ಅಕ್ಬರಸಾಬ್ರು ಹುನಗುಂದದ ಸಂತೀಲಿಂದ ಹೊಸಾ ಕಂಬಳಿ ತಂದ್ರು. ಹುಣಸಿ ಬೀಜದ ಗಂಜಿ ಕುಡದು ಹಲಿಗಿ ಆದಂಗ ಆಗಿತ್ತು. ಮಡಚಾಕ ಬರವಲ್ದು. ಬಾಗಿಲದಾಗ ಇಟ್ರು. ಇಟ್ರ ಅದು ನಿಂತ ಬಿಡ್ತ್ರಿ! ಮನಿಶ್ಯಾ ನಿಂತಂಗ! ನಮ್ಮ ಎಮ್ಮಿ ನೋಡಿ ಹಗ್ಗಾ ಹರಕೊಂಡು ಓಡಿತು."

"ಆಮ್ಯಾಲೆ?"

"ಆಮ್ಯಾಲೆ ಸಾಹೇಬ್ರು ಎದಿ ಮುಂದ ಮಾಡಿ, 'ಮ್ಯಾನೇಜರ ಅಂದ್ರ ಜಾಫರಸಾಬ. ಈಗ ಮ್ಯಾನೇಜರ ನಾ. ಹಂಗಾದ್ರ ಜಾಫರಸಾಬ ಯಾರು? ನಾನ! ಬೀರಲಿಂಗಪ್ಪಾ, ತಪ್ಪಾತು' ಅಂದ್ರು. ನಮ್ಮವ ಕಂಬಳಿ ಮೂಸಿ ನೋಡಿದ. 'ಇದು ನಂದಲ್ಲ' ಅಂದ. ಆಮ್ಯಾಲೆ ಸಾಹೇಬ್ರ ಮಾರಿ ನೋಡಿ, 'ನೀವ ಜಾಫರಸಾಬ್ರು ಅಂದ್ರ ನಿಮ್ಮ ಕೂಡನೂ ನನ್ನ ಮಾತ ಬಂದ್' ಅಂದ. ಅದ ಕಡೀ ಮಾತ್ರಿ. ಈಗ ಇಬ್ಬರು ಮ್ಯಾನೇಜರ ಕೂಡ ಮಾತಿಲ್ಲ. ಒಬ್ಬರು ಸತ್ತಾರ, ಒಬ್ಬರು ಬದುಕ್ಯಾರ."

ಬೋರವ್ವ ಕಣ್ಣು ಒರೆಸಿಕೊಂಡಳು. ಅದು ದುಃಖವೋ ಹೊಗೆಯೋ ತಿಳಿಯಲಿಲ್ಲ.

"ಅವ್ವಾರ, ಅವನ್ನ ಲಗೂನ ಕಾರಖಾನಿಗೆ ಕಳಸ್ರಿ. ಮನ್ಯಾಗ ಕುಂತು ನನ್ನ ಒಲೀ ಹಿಂದ ಬಿದ್ದಾನ. ಮುಂಜಾನಿ ಎದ್ದು ಬೆಂಕಿ ಹಾಕ್ತಾನ, ಆರಿದ್ರ ನನಗ ಬೈತಾನ. ಬ್ಯಾಳಿ ಗಡಗಿ ಬಡದು ನೋಡಿ 'ಉಗಿ ಸಾಲದು' ಅಂತಾನ. ಮುಚ್ಚಳದ ಮ್ಯಾಲ ಕಲ್ಲು ಹೇರಿದ್ದ. ಮುಚ್ಚಳಾ ಹಾರಿ ನಮ್ಮತ್ತೀ ಬೆನ್ನಿಗೆ ಬಡೀತು. ಅಕಿ ಇಷ್ಟ ವರ್ಷ ನನ್ನ ಬೈತಿದ್ಳು, ಈಗ ಮಗನ್ನ ಬೈಯಾಕತ್ತಾಳ. ಅದೊಂದು ಸುಖಾ ನೋಡ್ರಿ."

ಇತ್ತ ಅಕ್ಬರಸಾಬನಿಗೆ ಛಲ ಬಂತು. "ಭೋಂಗಾ ಏನು ಕುದುರೀನ? ಒಂದು ಸರಪಳಿ ಜಗ್ಗೂದು" ಎಂದು ಹಮಾಲರಿಂದ ಬೆಂಕಿ ಹಾಕಿಸಿದ. ಬೆಳಿಗ್ಗೆಯ ಭೋಂಗಾ ಮಧ್ಯಾಹ್ನದ ಹೊತ್ತಿಗೆ ಸಿದ್ಧವಾಯಿತು. ಅಕ್ಬರಸಾಬ ನನ್ನ ಗಂಡನ ಹಾಗೆ ಟೊಪ್ಪಿಗೆ ಸರಿಮಾಡಿಕೊಂಡು ಸರಪಳಿ ಜಗ್ಗಿದ. ಭೋಂಗಾ ಕೂಗಿತು. ಸರಪಳಿ ಕಿತ್ತು ಕೈಗೆ ಬಂತು. ಭೋಂಗಾ ನಿಲ್ಲಲಿಲ್ಲ.

ಅಂಥ ಕೂಗನ್ನು ಬಾಗಲಕೋಟೆ ಹಿಂದೆ ಕೇಳಿರಲಿಲ್ಲ. ಬೆಂಕಿ ಬಿದ್ದಿದೆ ಎಂದು ಅರ್ಧ ಊರು ಕೊಡ ಹಿಡಿದು ಓಡಿತು. ಶಾಲೆಯ ಮಾಸ್ತರರು ಹುಡುಗರನ್ನು ಬಿಟ್ಟರು. ಬೆಳಿಗ್ಗೆ ಭೋಂಗಾ ಇಲ್ಲವೆಂದು ಕೆಲಸ ಶುರು ಮಾಡದಿದ್ದ ಕಾರಕೂನರು ಈಗ ಭೋಂಗಾ ಆಯಿತೆಂದು ಕೆಲಸ ಮುಗಿಸಿ ಮನೆಗೆ ನಡೆದರು. ಶಿವಬಸವ್ವ ಬಿಸಿಲಿನಲ್ಲಿ ದೀಪ ಹಚ್ಚಿ ನಮಸ್ಕಾರ ಮಾಡಿ, "ಇವತ್ತ ಹೊತ್ತು ಹೆಂಗ ಹೋತೋ ತಿಳೀಲೇ ಇಲ್ಲ" ಎಂದಳು.

ಮನೆಯೊಳಗೆ ಕುಳಿತಿದ್ದ ಬೀರಲಿಂಗಪ್ಪ ಮೊದಲು ಎರಡೂ ಕಿವಿ ಮುಚ್ಚಿಕೊಂಡನಂತೆ. ಆಮೇಲೆ, "ಕೊಲ್ಲಾಕತ್ತಾರ, ನನ್ನ ಭೋಂಗಾ ಕೊಲ್ಲಾಕತ್ತಾರ" ಎಂದು, ಗಲ್ಲದ ಪರಿವೆಯಿಲ್ಲದೆ ಕಾರಖಾನೆಗೆ ಓಡಿದ. ಗೇಟಿನಲ್ಲಿ ಅಕ್ಬರಸಾಬ ಕಿತ್ತ ಸರಪಳಿ ಹಿಡಿದು ನಿಂತಿದ್ದ. ಬೀರಲಿಂಗಪ್ಪ ಬಾಯಿ ತೆರೆದ. ಇವನ ಜೊತೆಯೂ ಮಾತು ಬಂದ್ ಎಂಬುದು ನೆನಪಾಯಿತು. ಗೇಟಿನ ಕಡೆ ತಿರುಗಿದ.

"ಗೇಟೇ, ಮ್ಯಾಲಿನ ಕೆಂಪು ಚಕ್ರಾ ಎಡಕ್ಕ ತಿರುಗಸ್ರೀ ಅಂತ ಹೇಳು!"

ನನ್ನ ಗಂಡನಾಗಿದ್ದರೆ, "ಗೇಟೇ, ತಿಳೀತು" ಎಂದು ಒಳಗೆ ಓಡುತ್ತಿದ್ದರು. ಅಕ್ಬರಸಾಬ ಹುದ್ದೆಯನ್ನು ವಹಿಸಿಕೊಂಡಿದ್ದ, ಪದ್ಧತಿಯನ್ನು ವಹಿಸಿಕೊಂಡಿರಲಿಲ್ಲ. ಅವನು ಗದ್ದಲ ಕೇಳಿ ಬಂದಿದ್ದ ಪೊಲೀಸ ಜಮಾದಾರರ ಕಡೆ ತಿರುಗಿ, "ನೋಡ್ರಿ, ಗೇಟಿನ ಕೂಡ ಮಾತಾಡ್ತಾನ. ಇವಗ ಹುಚ್ಚು ಹಿಡದೈತಿ" ಎಂದ.

"ಗೇಟೇ, ಎಡಕ್ಕ! ಎಡಕ್ಕ!"

"ಏನು ಎಡಕ್ಕ? ಯಾರ ಎಡಕ್ಕ?" ಎಂದರು ಜಮಾದಾರರು, ತಮ್ಮ ಎಡಕ್ಕೆ ನೋಡುತ್ತ.

ಉಗಿ ತೀರಿದ ಮೇಲೆ ಭೋಂಗಾ ತಾನಾಗಿ ನಿಂತಿತು. ಎಮ್ಮೆಗಳು ಮಾತ್ರ ರಾತ್ರಿಯವರೆಗೆ ಹಾಲು ಇಳಿಸಲಿಲ್ಲ.

ಸುದ್ದಿ ಮಾಲಕರಿಗೂ ಮುಟ್ಟಿತು. ಮುಂಬಯಿಯಿಂದ ತಾರು ಬಂತು: ಸೋಮವಾರದ ರೈಲಿಗೆ ಹುಬ್ಬಳ್ಳಿಯಿಂದ ಬೇರೆ ಬಾಯ್ಲರಿನವನು ಬರುತ್ತಾನೆ, ಅಷ್ಟರೊಳಗೆ ಹಳಬ ಕೆಲಸಕ್ಕೆ ಹಾಜರಿದ್ದರೆ ಸರಿ, ಇಲ್ಲವಾದರೆ ಅವನ ಹೆಸರು ತೆಗೆಯುವುದು.

ಬೋರವ್ವ ಮತ್ತೆ ಬಂದಳು. ಈ ಸಲ ಎಮ್ಮೆಯ ಸುದ್ದಿ ಹೇಳಲಿಲ್ಲ. ಒಲೆಯ ಮುಂದೆ ಕುಳಿತು, "ಅವ್ವಾರ, ಅವಗ ಬಾಯ್ಲರ ಬಿಟ್ಟು ಬ್ಯಾರೆ ಏನೂ ಬರಂಗಿಲ್ಲ. ಕುರಿ ಕಾಯಾಕ ಕಳಿಸಿದ್ರ ಕುರಿ ಮನಿಗೆ ಬರ್ತಾವು, ಅವ ಬರಂಗಿಲ್ಲ" ಎಂದಳು. ಮೂಲೆಯಿಂದ ನನ್ನ ಅತ್ತೆ, "ಅವ ಊರು ಬಿಟ್ಟು ಹೋದ್ರ ನನ್ನ ಮಗಗ ಮಾಫ್ ಅನ್ನಾವ್ರು ಯಾರು?" ಎಂದರು. ಇಬ್ಬರೂ ನನ್ನ ಕಡೆ ನೋಡಿದರು.

ನಾನು ಅಕ್ಬರಸಾಬನಿಗೆ ಹೇಳಿಕಳಿಸಿದೆ: ಖಾಜಿಯವರನ್ನು ಕರೆಯಿರಿ, ಬೀರಪ್ಪನ ಪೂಜಾರಿ ಮಲಕಪ್ಪನನ್ನೂ ಕರೆಯಿರಿ, ಬೀರಲಿಂಗಪ್ಪನನ್ನು ನಮ್ಮ ಬಾಗಿಲಿನ ಮುಂದೆ ತಂದು ನಿಲ್ಲಿಸಿರಿ.

ಆದಿತ್ಯವಾರ ಎಲ್ಲರೂ ಬಂದರು. ಕರೆಯದವರು ಇನ್ನೂ ಮುಂಚೆ ಬಂದು ಕಟ್ಟೆ ಹಿಡಿದಿದ್ದರು. ಬೀರಲಿಂಗಪ್ಪ ಮುಖಕ್ಕೆ ಟವೆಲು ಸುತ್ತಿಕೊಂಡು ಹೊಸ್ತಿಲಿನಿಂದ ಮಾರು ದೂರ ನಿಂತ. ನಾನು ಪರದೆಯ ಹಿಂದೆ ಕಂಬಳಿ ಹಿಡಿದು ನಿಂತೆ. ಅತ್ತೆ ಅದನ್ನು ತೊಳೆದು ಕೊಡು ಎಂದಿದ್ದರು. ನಾನು ತೊಳೆದಿರಲಿಲ್ಲ.

"ಹೆಣ್ಣುಮಗಳ ಕಾಲು ಹೊಸ್ತಿಲಾ ದಾಟಬಾರದು" ಎಂದು ಖಾಜಿಯವರು ಗಡ್ಡ ನೀವಿಕೊಂಡರು. "ಕೈ ದಾಟೂದರ ಬಗ್ಗೆ ನನಗೇನೂ ಅಡ್ಡಿ ಕಾಣೂದಿಲ್ಲ. ನಿಮ್ಮವ ಏನಂತ ಆಣಿ ಮಾಡ್ಯಾನ ಪೂಜಾರಿ?"

"ಹೊಸ್ತಿಲಾ ತುಳಿಯಂಗಿಲ್ಲ ಅಂದಾನ್ರಿ" ಎಂದ ಮಲಕಪ್ಪ. "ಹೊಸ್ತಿಲ ಮುಂದ ನಿಂದ್ರಂಗಿಲ್ಲ ಅಂದಿಲ್ಲ."

"ಹಂಗಾದ್ರ ಕೈ ಹೊರಗ ಬರಬಹುದು."

"ಕೈ ಬಂದ್ರ ಇವ ಹಿಡೀಬಹುದು."

ಎರಡೂ ಕಡೆಯವರು ಇಷ್ಟು ಬೇಗ ಒಪ್ಪಿದ್ದರಿಂದ ನೋಡಲು ಬಂದವರಿಗೆ ನಿರಾಸೆಯಾಯಿತು. ಕೆಲವರು ಇಳಕಲ್ಲಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ಆದರೆ ಮಲಕಪ್ಪ ಕೈ ಎತ್ತಿದ.

"ಕಂಬಳಿದು ಆತು. ಮಾತಿಂದು ಆಗಿಲ್ಲ. 'ತಪ್ಪಾತು' ಅಂತ ಸಾಹೇಬ್ರ ಅನ್ನಬೇಕು. ಅದು ಭಂಡಾರದ ಮಾತು. ನಾ ಬದಲಿ ಮಾಡಂಗಿಲ್ಲ."

ಜನ ಮತ್ತೆ ಹುರುಪಾದರು. ಅಕ್ಬರಸಾಬ ಎದೆ ಮುಂದೆ ಮಾಡಿ ಎದ್ದ.

"ನೀ ಕುಂದ್ರು!" ಎಂದರು ಖಾಜಿಯವರು, ಮಲಕಪ್ಪ, ಜಮಾದಾರರು ಮತ್ತು ಗೋಡೆಯ ಮೇಲಿದ್ದ ಶಿವಬಸವ್ವ.

ಬೀರಲಿಂಗಪ್ಪ ಟವೆಲಿನ ಒಳಗಿನಿಂದ ಮಾತಾಡಿದ. "ನಾ ಅನ್ನಂಗಿಲ್ಲ ಅಂದಿಲ್ರಿ ಅವ್ವಾರ. ಮಣ್ಣಿನ ದಿವಸ ಮಾತು ಇಲ್ಲೀತನಾ ಬಂದಿತ್ತು. ಭಂಡಾರ ಹಿಡಕೊಂತು. ಸಾಹೇಬ್ರು ಒಂದ ಸಲಾ ಅಂದಿದ್ರ..."

"ಅವರು ಅಂದಾರ" ಎಂದೆ.

"ಯಾವಾಗ್ರಿ?" ಎಂದ ಬೀರಲಿಂಗಪ್ಪ.

"ದಿನಾ ಮುಂಜಾನಿ. ಗಡ್ಡಾ ತಿದ್ದಿಕೊಳ್ಳೂ ಮುಂದ. ಕನ್ನಡಿಗೆ."

"ಕನ್ನಡಿಗೆ ಏನಂತಿದ್ರು?"

"ಮೊದಮೊದಲು, 'ಬೀರಲಿಂಗಪ್ಪ, ಆಡಳಿತದ ದೃಷ್ಟಿಯಿಂದ ವಿಚಾರ ಮಾಡಿದರೆ' ಅಂತ ಸುರು ಮಾಡಿ, ಗಡ್ಡಾ ಮುಗಿಯೋತನಾ ಹೇಳ್ತಿದ್ರು. ಹೇಳಿ, 'ಇದು ಚೊಲೋ ಆಗಲಿಲ್ಲ' ಅಂತ ಬಿಡ್ತಿದ್ರು. ಆಮ್ಯಾಲೆ 'ಬೂಟಿನ ವಿಷಯದಾಗ ಇಬ್ಬರೂ ತಿಳ್ಕೊಬೇಕು' ಅಂತ ಬಂತು. ಅದನ್ನೂ ಬಿಟ್ರು. ದಿನಾ ಒಂದೊಂದು ಮಾತು ಕಡಿಮಿ ಆಕ್ಕೋತ ಹೋತು. ಕಡೀಕ, 'ಬೀರಲಿಂಗಪ್ಪ, ತಪ್ಪಾತಪಾ' ಅಂದ್ರು. ನನ್ನ ಕಡೆ ತಿರುಗಿ, 'ಇದು ಹ್ಯಾಂಗೈತಿ?' ಅಂದ್ರು. ಇಷ್ಟ ಸಾಕು ಅಂದೆ. ಆ ದಿನ ಕಂಬಳಿ ಬಗಲಾಗ ಇಟ್ಕೊಂಡು ಇದ ಹೊಸ್ತಿಲತನಾ ಬಂದಿದ್ರು. ಇಲ್ಲಿ ನಿಂತು, ಚಳಿ ಆಗಾಕತ್ತೈತಿ ಅಂದ್ರು. ಒಳಗ ಹೋಗಿ ಮಲಗಿದ್ರು."

ಅಕ್ಬರಸಾಬ, "ಆದ್ರ ಅದು ಕನ್ನಡಿಗೆ ಅಂದದ್ದು. ಇವಗ ಅಂದಂಗ ಹ್ಯಾಂಗಾಗ್ತೈತಿ?" ಎಂದ. ಮುಂಬಯಿ ನೋಡಿದವರಿಗೆ ಇಂಥದು ತಟ್ಟನೆ ಹೊಳೆಯುತ್ತದೆ. ಮಲಕಪ್ಪ ತಲೆ ಕೆರೆದುಕೊಂಡ. "ಪಾಯಿಂಟ ಐತಿ" ಎಂದರು ಜಮಾದಾರರು.

"ಬೀರಲಿಂಗಪ್ಪ" ಎಂದೆ, "ಇದ್ದಲಾ, ಗಾಡಿ, ಹೊಗಿ, ಈ ಸುದ್ದಿ ಸಾಹೇಬ್ರು ಯಾರಿಗೆ ಹೇಳ್ತಿದ್ರು?"

"ಬಾಯ್ಲರಿಗೆ ಹೇಳ್ತಿದ್ರಿ."

"ನಿನಗ ಮುಟ್ಟತಿತ್ತೋ ಇಲ್ಲೋ?"

"ಮುಟ್ಟತಿತ್ತ್ರಿ" ಎಂದ ಅವನು. ಟವೆಲು ಸಡಿಲಿಸಿಕೊಂಡು, "ಭಾಳ ಚೊಲೋ ಮುಟ್ಟತಿತ್ತು. ಮೊದಲ ನೇರ ಮಾತಾಡೂ ಮುಂದಾದ್ರ ಅಷ್ಟು ಮುಟ್ಟತಿದ್ದಿಲ್ಲ" ಎಂದ.

"ಬಾಯ್ಲರ ಕಾರಖಾನ್ಯಾಗ ಇತ್ತು, ನೀನೂ ಅಲ್ಲೇ ಇದ್ದಿ. ಕನ್ನಡಿ ಮನ್ಯಾಗ ಇತ್ತು, ನಾ ಇಲ್ಲಿದ್ದೆ. ಮುಟ್ಟೂದು ತಡಾ ಆತು. ಈಗ ಮುಟ್ಟಸಾಕತ್ತೇನಿ."

ಮಲಕಪ್ಪ ಖಾಜಿಯವರ ಮುಖ ನೋಡಿದ. ಖಾಜಿಯವರು ಮಲಕಪ್ಪನ ಮುಖ ನೋಡಿದರು. ಮಲಕಪ್ಪ ಸಂಚಿ ಬಿಚ್ಚಿ, ಒಂದು ಚಿಟಿಕೆ ಭಂಡಾರ ತೆಗೆದು, ಟವೆಲು ಸರಿಸಿ, ಬೀರಲಿಂಗಪ್ಪನ ಹಣೆಗೆ ಹಚ್ಚಿದ. "ಮುಟ್ಟಿತು" ಎಂದ.

ಟವೆಲು ಜಾರಿ ಬಿತ್ತು. ಗಲ್ಲದ ಒಂದು ಕಡೆ ನುಣುಪು, ಇನ್ನೊಂದು ಕಡೆ ಕಾಡು. ಯಾರೂ ನಗಲಿಲ್ಲ. ಅಕ್ಬರಸಾಬನಂತೂ ಕೆಲಸದವರ ಮುಂದೆ ನಗಬಾರದೆಂದು ಮುಂಬಯಿಯಲ್ಲೇ ಕಲಿತಿದ್ದ. ಗುಂಪಿನ ಹಿಂದೆ ನಿಂತಿದ್ದ ಗಡ್ಡ ಮಾಡುವವನು ತನ್ನ ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡ.

ನಾನು ಪರದೆಯ ಅಂಚಿನಿಂದ ಕಂಬಳಿಯನ್ನು ಹೊರಗೆ ಚಾಚಿದೆ. ಬೀರಲಿಂಗಪ್ಪ ಹೊಸ್ತಿಲಿಗೆ ಕಾಲು ತಾಗದ ಹಾಗೆ ಬಾಗಿ ಆ ಕಡೆಯ ತುದಿ ಹಿಡಿದ. ಮೂಸಿದ ಸದ್ದು ಕೇಳಿಸಿತು.

"ನಂದ ಐತಿ" ಎಂದ. "ಸಾಹೇಬ್ರ ವಾಸನೀನೂ ಐತಿ."

ಮೂಲೆಯಲ್ಲಿ ಜಪಮಣಿ ನಿಂತಿತು. "ಕೇಳು, ಮಾಫ್ ಅಂತಾನೇನು ಕೇಳು" ಎಂದರು ಅತ್ತೆ.

ಅವನು ಬಾಯ್ಲರಿಗೆ ಹೇಳಲಿಲ್ಲ, ಸಲಿಕೆಗೆ ಹೇಳಲಿಲ್ಲ. ಮಲಕಪ್ಪನ ಕಡೆಗಾಗಲಿ ಖಾಜಿಯವರ ಕಡೆಗಾಗಲಿ ತಿರುಗಲಿಲ್ಲ. "ಸಾಹೇಬ್ರ," ಎಂದ ನೇರವಾಗಿ, "ಮಾಫ್ ರೀ. ನಿಮಗ ಮಾಫ್. ನಾನೂ ಭಾಳ ಬಿಗದಹಿಡದೆ, ನನಗೂ ಮಾಫ್ ಮಾಡ್ರಿ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಹೊರಗೆ ಬೋರವ್ವ ಮೂಗು ಒರೆಸಿಕೊಂಡಳು. ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬೆಂಕಿ ಹಾಕುವುದು ಎಂದು ಅಕ್ಬರಸಾಬ ಗೋಡೆಯನ್ನು ಕೇಳುತ್ತಿದ್ದ. ನನ್ನ ಕೂಡನ ಮಾತಾಡ್ರಿ ಎಂದು ಬೀರಲಿಂಗಪ್ಪ ಅವನಿಗೆ ಹೇಳಿದ.

ಆಮೇಲೆ ಪರದೆಯ ಕಡೆ ತಿರುಗಿ, ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ ಅಂದ:

"ಬಿಡ್ರಿ ಅವ್ವಾರ. ನಾ ಹಿಡದೇನಿ."

ಆಗ ನೋಡಿದೆ. ಕಂಬಳಿಯ ಈ ತುದಿ ಇನ್ನೂ ನನ್ನ ಎರಡೂ ಕೈಯಲ್ಲಿತ್ತು.

ಬಿಟ್ಟೆ.